ಹೊರ್ಮುಜ್ ಮುಚ್ಚಿದ ಸುದ್ದಿ ಬಂದಾಗ ತೋಟದ ಮನೆಯ ಲೆಕ್ಕ ಹಾಕುವ ಬಗೆ

ಶರಾವತಿ ಹಿನ್ನೀರಿನ ಆಚೆ ದಡದ ಕರೂರು ಹೋಬಳಿಯಲ್ಲಿ ಹುಟ್ಟಿ ಬೆಳೆದ ನನ್ನಂಥವರಿಗೆ ಜಲಸಂಧಿಯ ಕಷ್ಟವನ್ನು ಭೂಪಟ ಬಿಡಿಸಿ ವಿವರಿಸಬೇಕಾಗಿಲ್ಲ. 2025ರ ಜುಲೈ ತಿಂಗಳಲ್ಲಿ ಅಂಬಾರಗೊಡ್ಲು–ಕಳಸವಳ್ಳಿ ಸೇತುವೆ ತೆರೆಯುವವರೆಗೂ ಸಾಗರದ ಪೇಟೆಗೂ ನಮಗೂ ಇದ್ದ ಹತ್ತಿರದ ನಂಟು ಹೊಳೆಬಾಗಿಲಿನ ಲಾಂಚ್ ಒಂದೇ. ಹಿನ್ನೀರು ತೀರಾ ಇಳಿದ ಬೇಸಿಗೆಗಳಲ್ಲಿ ಲಾಂಚ್‌ಗೆ ವಾಹನ ಹತ್ತಿಸುವುದನ್ನು ನಿಲ್ಲಿಸಿಬಿಡುತ್ತಿದ್ದರು. ಆಗ ಪೇಟೆಯಲ್ಲಿ ಗೊಬ್ಬರ ಇರುತ್ತಿತ್ತು, ಅದರ ದರವೂ ಏರಿರುತ್ತಿರಲಿಲ್ಲ, ಆದರೆ ಅದು ನಮ್ಮ ಅಂಗಳ ಮುಟ್ಟುತ್ತಿರಲಿಲ್ಲ. ಕಾಡಿನ ಸುತ್ತುದಾರಿಯಲ್ಲಿ ಬರಲು ಒಪ್ಪಿದ ಲಾರಿಯವರು ಕೇಳಿದಷ್ಟು ಬಾಡಿಗೆ ಕೊಟ್ಟವರ ಮನೆಗೆ ಮೊದಲು ಸಾಮಾನು ಇಳಿಯುತ್ತಿತ್ತು.

ಹೊರ್ಮುಜ್ ಜಲಸಂಧಿ ಮುಚ್ಚಿದೆ ಅಥವಾ ಮುಚ್ಚಬಹುದು ಎಂಬ ಸುದ್ದಿ ಬಂದಾಗಲೆಲ್ಲ ಬಹಳ ಮಂದಿ ಪೆಟ್ರೋಲ್ ಬಂಕಿನ ದರದ ಫಲಕವನ್ನೇ ನೋಡುತ್ತಾ ಕುಳಿತುಕೊಳ್ಳುತ್ತಾರೆ. ನೋಡಬೇಕಾದದ್ದು ಅದಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಲಾಂಚ್ ನಿಂತ ದಿನಗಳಲ್ಲಿ ನಾವು ಕೇಳುತ್ತಿದ್ದ ಮೂರು ಪ್ರಶ್ನೆಗಳನ್ನೇ ಇಲ್ಲಿಯೂ ಕೇಳಬೇಕು: ಬೇರೆ ದಾರಿ ಇದೆಯೇ, ಈ ದಡದಲ್ಲಿ ಎಷ್ಟು ದಿನದ ದಾಸ್ತಾನಿದೆ, ಸಾಲದೆ ಬಂದರೆ ಯಾರ ಪಾಲು ಮೊದಲು ಕಡಿತವಾಗುತ್ತದೆ. ಈ ಕ್ರಮದಲ್ಲಿ ಒಂದು ತೋಟದ ಮನೆಯ ಲೆಕ್ಕವನ್ನು ಹೇಗೆ ಹಾಕಬಹುದು ಎಂಬುದನ್ನು ಮುಂದೆ ವಿವರಿಸಿದ್ದೇನೆ.

ಮೊದಲು ಮುಚ್ಚಿರುವುದು ಯಾವ ದಾರಿ ಎಂದು ಗುರುತಿಸಿ

ಸಮುದ್ರದ ದಾರಿಗಳೆಲ್ಲ ಒಂದೇ ಬಗೆಯವಲ್ಲ. ಆಗುಂಬೆ ಘಾಟಿಯಲ್ಲಿ ಗುಡ್ಡ ಕುಸಿದರೆ ಉಡುಪಿಗೆ ಹೋಗುವವರು ಹುಲಿಕಲ್ ಘಾಟಿ ಹಿಡಿಯುತ್ತಾರೆ. ಹೊತ್ತು ಹೆಚ್ಚು, ಖರ್ಚು ಹೆಚ್ಚು, ಆದರೆ ತಲುಪುತ್ತಾರೆ. ಸೂಯೆಜ್ ಕಾಲುವೆ ಮತ್ತು ಕೆಂಪು ಸಮುದ್ರ ಈ ಜಾತಿಗೆ ಸೇರಿದವು. 1967ರಿಂದ 1975ರವರೆಗೆ ಸೂಯೆಜ್ ಎಂಟು ವರ್ಷ ಮುಚ್ಚಿಯೇ ಇತ್ತು. ಹಡಗುಗಳು ಆಫ್ರಿಕಾವನ್ನು ಸುತ್ತಿ ಗುಡ್ ಹೋಪ್ ಭೂಶಿರದ ಮೂಲಕ ಓಡಾಡಿದವು, ಆ ದೂರದ ದಾರಿಯಲ್ಲಿ ಖರ್ಚು ಗಿಟ್ಟಿಸಲೆಂದೇ ದೈತ್ಯ ಗಾತ್ರದ ತೈಲ ಹಡಗುಗಳನ್ನು ಕಟ್ಟುವುದು ಭರದಿಂದ ಸಾಗಿತು. 2023ರ ಕೊನೆಯಲ್ಲಿ ಯೆಮನ್‌ನ ಹೂಥಿ ಬಂಡುಕೋರರು ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಆರಂಭಿಸಿದಾಗಲೂ ಅದೇ ಸುತ್ತುದಾರಿ ನೆರವಿಗೆ ಬಂತು. ಇಂಥ ತಡೆಯಿಂದ ಬಾಡಿಗೆ ಏರುತ್ತದೆ, ಸರಕು ಹತ್ತು ಹದಿನೈದು ದಿನ ತಡವಾಗುತ್ತದೆ, ಆದರೆ ಸರಕೇ ಇಲ್ಲವಾಗುವುದಿಲ್ಲ.

ಹೊರ್ಮುಜ್ ಹಾಗಲ್ಲ. ಇರಾನ್ ಮತ್ತು ಒಮಾನ್ ನಡುವಿನ ಈ ಇಕ್ಕಟ್ಟಿನ ನೀರು ಪರ್ಷಿಯನ್ ಕೊಲ್ಲಿಗೆ ಇರುವ ಏಕೈಕ ಬಾಗಿಲು. ಕುವೈತ್, ಕತಾರ್, ಬಹರೈನ್‌ಗಳ ತೈಲ ಮತ್ತು ಅನಿಲಕ್ಕೆ, ಇರಾಕಿನ ಬಹುಪಾಲು ತೈಲಕ್ಕೆ ಇದನ್ನು ದಾಟದೆ ಸಾಗರವಿಲ್ಲ. ಹಡಗುಗಳು ಹೋಗಲೊಂದು, ಬರಲೊಂದು ಎಂದು ಗೊತ್ತುಮಾಡಿದ ಪಥಗಳ ಅಗಲ ತಲಾ ಮೂರು–ನಾಲ್ಕು ಕಿಲೋಮೀಟರ್ ಮಾತ್ರ. 2024ರಲ್ಲಿ ಈ ದಾರಿಯಲ್ಲಿ ದಿನಕ್ಕೆ ಸುಮಾರು 2 ಕೋಟಿ ಬ್ಯಾರೆಲ್ ತೈಲ ಮತ್ತು ತೈಲ ಉತ್ಪನ್ನಗಳು ಸಾಗಿದವು, ಎಂದರೆ ಜಗತ್ತು ಬಳಸುವ ತೈಲದ ಸುಮಾರು ಐದನೆಯ ಒಂದು ಪಾಲು. ಹಡಗಿನಲ್ಲಿ ಸಾಗುವ ದ್ರವೀಕೃತ ನೈಸರ್ಗಿಕ ಅನಿಲದ ಐದನೆಯ ಒಂದು ಪಾಲೂ ಇಲ್ಲಿಂದಲೇ ಹೊರಡುತ್ತದೆ, ಅದರಲ್ಲಿ ಹೆಚ್ಚಿನದು ಕತಾರಿನದು. ಒಂದು ದೈತ್ಯ ಹಡಗಿನಲ್ಲಿ ಸುಮಾರು 20 ಲಕ್ಷ ಬ್ಯಾರೆಲ್ ಹಿಡಿಯುತ್ತದೆ. ಆ ಲೆಕ್ಕದಲ್ಲಿ ಪ್ರತಿದಿನ ಅಂಥ ಹತ್ತು ಹಡಗುಗಳ ಸರಕು ನಿಲ್ಲುತ್ತದೆ.

ಸುತ್ತುದಾರಿ ಇಲ್ಲವೆಂದಲ್ಲ. ಸೌದಿ ಅರೇಬಿಯಾ ತನ್ನ ಪೂರ್ವದ ಅಬ್‌ಖೈಕ್‌ನಿಂದ ಕೆಂಪು ಸಮುದ್ರದ ಯಾನ್ಬು ಬಂದರಿಗೆ ಕೊಳವೆ ಎಳೆದಿದೆ. ಯುಎಇ ಹಬ್ಶಾನ್‌ನಿಂದ ಜಲಸಂಧಿಯ ಹೊರಗಿನ ಫುಜೈರಾ ಬಂದರಿಗೆ ಎಳೆದಿದೆ. ಆದರೆ ಇವೆರಡರಲ್ಲಿ ಬಳಕೆಯಾಗದೆ ಉಳಿದಿದ್ದ ಸಾಮರ್ಥ್ಯ 2025ರ ಅಮೆರಿಕದ ಇಂಧನ ಮಾಹಿತಿ ಆಡಳಿತದ ಅಂದಾಜಿನಂತೆ ದಿನಕ್ಕೆ ಸುಮಾರು 26 ಲಕ್ಷ ಬ್ಯಾರೆಲ್. ಎರಡು ಕೋಟಿಯ ಮುಂದೆ ಇದು ಲಾಂಚ್ ನಿಂತಾಗ ಕಾಡುರಸ್ತೆಯಲ್ಲಿ ಬರುತ್ತಿದ್ದ ನಾಲ್ಕು ಜೀಪುಗಳಷ್ಟೇ. ಯಾನ್ಬುವಿನಿಂದ ನಮ್ಮ ಕಡೆಗೆ ಹೊರಟ ಹಡಗು ಮತ್ತೆ ಬಾಬ್ ಎಲ್-ಮಂದೆಬ್ ಎಂಬ ಇನ್ನೊಂದು ಜಲಸಂಧಿಯನ್ನು ದಾಟಬೇಕು. ಕತಾರಿನ ದ್ರವೀಕೃತ ಅನಿಲಕ್ಕಂತೂ ಹಡಗಲ್ಲದೆ ಗತಿಯಿಲ್ಲ.

ಆದ್ದರಿಂದ ಸುದ್ದಿಯಲ್ಲಿ ‘ಕೆಂಪು ಸಮುದ್ರ’ ಎಂದಿದ್ದರೆ ತಡವನ್ನು ಲೆಕ್ಕ ಹಾಕಿ; ‘ಹೊರ್ಮುಜ್’ ಎಂದಿದ್ದರೆ ಕೊರತೆಯನ್ನು ಲೆಕ್ಕ ಹಾಕಿ.

ದರ ಏಕೆ ಅಷ್ಟು ಜೋರಾಗಿ ಏರುತ್ತದೆ

ಐದರಲ್ಲೊಂದು ಪಾಲು ತಪ್ಪಿದರೆ ದರ ಐದರಲ್ಲೊಂದು ಪಾಲು ಏರಬೇಕಲ್ಲವೇ ಎಂದು ಕೇಳುವವರಿದ್ದಾರೆ. ತೈಲದ ಮಾರುಕಟ್ಟೆ ಹಾಗೆ ನಡೆಯುವುದಿಲ್ಲ. ಲಾರಿ, ಹಡಗು, ವಿಮಾನ ಯಾವುದೂ ನಾಳೆಯಿಂದ ಬೇರೆ ಇಂಧನದಲ್ಲಿ ಓಡಲಾರವು. ಬೇಕಾದವರಿಗೆ ಬೇಕೇ ಬೇಕು. ಹಾಗಾಗಿ ಯಾರಾದರೂ ‘ನನಗೆ ಬೇಡ, ನಾನು ನಿಲ್ಲಿಸುತ್ತೇನೆ’ ಎಂದು ಕೈಬಿಡುವವರೆಗೆ ದರ ಏರುತ್ತಲೇ ಹೋಗುತ್ತದೆ. 1973ರ ಅರಬ್ ತೈಲ ನಿರ್ಬಂಧದ ಕಾಲದಲ್ಲಿ ಬ್ಯಾರೆಲ್‌ಗೆ ಸುಮಾರು 3 ಡಾಲರ್ ಇದ್ದ ದರ ಕೆಲವೇ ತಿಂಗಳಲ್ಲಿ 12 ಡಾಲರ್‌ನ ಹತ್ತಿರ ಮುಟ್ಟಿತು. 1990ರಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿದಾಗ ಕೆಲವೇ ವಾರಗಳಲ್ಲಿ ದರ ಎರಡು ಪಟ್ಟಾಯಿತು.

ಕೈಬಿಡುವವರು ಯಾರು ಎಂಬುದೇ ನನ್ನ ಮೂರನೆಯ ಪ್ರಶ್ನೆ, ಅದಕ್ಕೆ 2022 ಉತ್ತರ ಕೊಟ್ಟಿದೆ. ಉಕ್ರೇನ್ ಯುದ್ಧದ ಆ ವರ್ಷ ಅನಿಲದ ದರ ಆಕಾಶ ಮುಟ್ಟಿದಾಗ ಯುರೋಪಿನ ದೇಶಗಳು ಹೆಚ್ಚು ಹಣ ಕೊಟ್ಟು ಹಡಗುಗಳನ್ನು ತಮ್ಮತ್ತ ತಿರುಗಿಸಿಕೊಂಡವು; ಪಾಕಿಸ್ತಾನ ಮತ್ತು ಬಾಂಗ್ಲಾದೇಶಗಳಲ್ಲಿ ವಿದ್ಯುತ್ ಕಡಿತವಾಯಿತು. ಜಗತ್ತಿನ ಅರ್ಥವ್ಯವಸ್ಥೆಗೆ ಪೆಟ್ಟು ಬಿತ್ತು ಎಂದು ಬರೆಯುವಾಗ ಎಲ್ಲರಿಗೂ ಒಂದೇ ಸಮ ಬಿತ್ತು ಎಂಬ ಭಾವನೆ ಬರುತ್ತದೆ. ಹಾಗೆ ಆಗುವುದಿಲ್ಲ, ಹಣವುಳ್ಳವರಿಗೆ ದರ ಹೆಚ್ಚಾಗುತ್ತದೆ, ಇಲ್ಲದವರಿಗೆ ವಸ್ತುವೇ ಇಲ್ಲವಾಗುತ್ತದೆ.

ನಮ್ಮ ದೇಶ ಬಳಸುವ ಕಚ್ಚಾ ತೈಲದಲ್ಲಿ ಶೇಕಡಾ 85ಕ್ಕಿಂತ ಹೆಚ್ಚು ಆಮದು. ಕೆಲವು ವರ್ಷಗಳಿಂದ ರಷ್ಯಾದಿಂದಲೂ ಸಾಕಷ್ಟು ತರಿಸುತ್ತಿರುವುದರಿಂದ ಹೊರ್ಮುಜ್‌ನ ತಡೆ ನಮ್ಮನ್ನು ತಟ್ಟದು ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಶಿವಮೊಗ್ಗದ ಮಂಡಿಯಲ್ಲಿ ರಾಶಿ ಇಡಿ ಅಡಿಕೆಯ ದರ ಏರಿದ ದಿನ ಸಾಗರದ ಮಂಡಿಯಲ್ಲಿ ಹಳೆಯ ದರಕ್ಕೆ ಯಾರೂ ಅಡಿಕೆ ಬಿಡುವುದಿಲ್ಲ. ತೈಲಕ್ಕೂ ಇದೇ ನ್ಯಾಯ. ಯಾವ ಸಮುದ್ರದಿಂದ ಬಂದರೂ ಅದರ ದರ ಒಂದನ್ನೊಂದು ಹಿಂಬಾಲಿಸುತ್ತದೆ.

ಡೀಸೆಲ್ ಲೆಕ್ಕವನ್ನು ನೀವೇ ಹಾಕಿ

ಒಂದು ಬ್ಯಾರೆಲ್ ಎಂದರೆ 159 ಲೀಟರ್. ಈ ಒಂದು ಅಂಕಿಯನ್ನು ನೆನಪಿಟ್ಟುಕೊಂಡರೆ ಸಾಕು. ಬ್ಯಾರೆಲ್‌ಗೆ 10 ಡಾಲರ್ ಏರಿತು ಎನ್ನಿ. ಡಾಲರ್‌ಗೆ 90 ರೂಪಾಯಿ ಎಂದು ಹಿಡಿದರೆ ಏರಿಕೆ 900 ರೂಪಾಯಿ. ಅದನ್ನು 159ರಿಂದ ಭಾಗಿಸಿದರೆ ಲೀಟರಿಗೆ ಸುಮಾರು 5 ರೂಪಾಯಿ 66 ಪೈಸೆ. ನೀವು ಲೆಕ್ಕ ಹಾಕುವ ದಿನದ ಡಾಲರ್ ದರವನ್ನು ಹಾಕಿಕೊಳ್ಳಿ. ತೈಲ ದುಬಾರಿಯಾದಾಗ ಡಾಲರ್‌ಗೆ ಬೇಡಿಕೆ ಹೆಚ್ಚಿ ರೂಪಾಯಿ ಸೋಲುವುದೂ ಇರುವುದರಿಂದ ಪೆಟ್ಟು ಎರಡು ಕಡೆಯಿಂದ ಬೀಳುತ್ತದೆ.

ಈ ಏರಿಕೆ ಬಂಕಿನಲ್ಲಿ ಮರುದಿನವೇ ಕಾಣಬೇಕೆಂದಿಲ್ಲ. ಕೇಂದ್ರದ ಅಬಕಾರಿ ಸುಂಕ ಲೀಟರಿಗೆ ಇಂತಿಷ್ಟು ರೂಪಾಯಿ ಎಂದಿರುತ್ತದೆ, ರಾಜ್ಯದ ಮಾರಾಟ ತೆರಿಗೆ ದರದ ಶೇಕಡಾವಾರು ಇರುತ್ತದೆ. ತೈಲ ಕಂಪನಿಗಳು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ನಷ್ಟ ಹೊತ್ತು ದರವನ್ನು ಹಿಡಿದಿಟ್ಟುಕೊಳ್ಳುವುದುಂಟು. ಫಲಕದ ಅಂಕಿ ಬದಲಾಗಲಿಲ್ಲ ಎಂದ ಮಾತ್ರಕ್ಕೆ ಪೆಟ್ಟು ಬೀಳಲಿಲ್ಲ ಎಂದಲ್ಲ. ಅದು ಕಂಪನಿಯ ಅಥವಾ ಸರ್ಕಾರದ ಲೆಕ್ಕದ ಪುಸ್ತಕದಲ್ಲಿ ಕುಳಿತಿರುತ್ತದೆ, ಮುಂದೆ ಬೇರೆ ರೂಪದಲ್ಲಿ ಹೊರಬರುತ್ತದೆ.

ಇದೇ ಲೆಕ್ಕ ಇನ್ನೊಂದು ಕೆಲಸಕ್ಕೂ ಬರುತ್ತದೆ. ಮಂಗಳೂರಿನಿಂದ ಶಿವಮೊಗ್ಗಕ್ಕೆ ದೂರ ಸುಮಾರು 200 ಕಿಲೋಮೀಟರ್. ಲಾರಿ ಲೀಟರಿಗೆ ನಾಲ್ಕು ಕಿಲೋಮೀಟರ್ ಓಡುತ್ತದೆ, ಖಾಲಿಯಾಗಿ ಹಿಂದಿರುಗುತ್ತದೆ ಎಂದು ಹಿಡಿದರೂ ಹೋಗಿಬರಲು 100 ಲೀಟರ್ ಡೀಸೆಲ್. ಲೀಟರಿಗೆ 5 ರೂಪಾಯಿ 66 ಪೈಸೆ ಏರಿದರೆ ಹೆಚ್ಚುವರಿ ಖರ್ಚು 566 ರೂಪಾಯಿ. ಆ ಲಾರಿಯಲ್ಲಿ 200 ಚೀಲ ಗೊಬ್ಬರವಿದ್ದರೆ ಒಂದು ಚೀಲದ ಪಾಲಿಗೆ ಬರುವುದು ಮೂರು ರೂಪಾಯಿಗೂ ಕಡಿಮೆ. ‘ಡೀಸೆಲ್ ಏರಿದೆ’ ಎಂದು ಹೇಳಿ ಚೀಲಕ್ಕೆ ಮೂವತ್ತು ರೂಪಾಯಿ ಹೆಚ್ಚು ಕೇಳುವವರ ಮುಂದೆ ಈ ಭಾಗಾಕಾರವನ್ನು ಕಾಗದದ ಮೇಲೆ ಮಾಡಿ ತೋರಿಸಿ, ರಸೀದಿ ಕೇಳಿ. ಗಾಬರಿಯ ಕಾಲದಲ್ಲಿ ನಮ್ಮ ಜೇಬಿನಿಂದ ಹೋಗುವ ಹಣದಲ್ಲಿ ನಿಜವಾದ ಏರಿಕೆ ಎಷ್ಟು, ಏರಿಕೆಯ ನೆಪ ಎಷ್ಟು ಎಂದು ಬೇರ್ಪಡಿಸಲು ನನಗೆ ತಿಳಿದಿರುವ ಉಪಾಯ ಇದೊಂದೇ.

ದಾಸ್ತಾನು ತೆಳುವಾಗಿರುವ ವಸ್ತುವಿನಿಂದ ಆರಂಭಿಸಿ

ಘಟ್ಟದ ಕೆಳಗೆ, ಉಡುಪಿ ಜಿಲ್ಲೆಯ ಪಾದೂರಿನಲ್ಲಿ ಬಂಡೆ ಕೊರೆದು ಮಾಡಿದ ನೆಲದಡಿಯ ಗುಹೆಗಳಲ್ಲಿ 25 ಲಕ್ಷ ಟನ್ ಕಚ್ಚಾ ತೈಲ ಇಡಬಹುದು. ಮಂಗಳೂರಿನಲ್ಲಿ 15 ಲಕ್ಷ ಟನ್, ವಿಶಾಖಪಟ್ಟಣದಲ್ಲಿ 13 ಲಕ್ಷದ 30 ಸಾವಿರ ಟನ್. ಈ ಮೂರೂ ತುಂಬಿದ್ದರೆ ದೇಶಕ್ಕೆ ಸುಮಾರು ಒಂಬತ್ತೂವರೆ ದಿನ ಸಾಲುತ್ತದೆ ಎಂಬುದು ಸರ್ಕಾರದ ಅಂದಾಜು. ಇದರ ಜೊತೆಗೆ ತೈಲ ಕಂಪನಿಗಳ ಟ್ಯಾಂಕುಗಳಲ್ಲಿ ಇರುವ ದಾಸ್ತಾನು ಬೇರೆ. ಹೀಗಾಗಿ ಪೆಟ್ರೋಲ್, ಡೀಸೆಲ್ ದುಬಾರಿಯಾಗಬಹುದು, ಆದರೆ ಮೊದಲ ವಾರದಲ್ಲೇ ಕಾಣೆಯಾಗುವ ವಸ್ತುಗಳಲ್ಲ. ಕ್ಯಾನುಗಳಲ್ಲಿ ತುಂಬಿ ಕೊಟ್ಟಿಗೆಯಲ್ಲಿ ಇಡುವ ಕೆಲಸವನ್ನು ದಯವಿಟ್ಟು ಮಾಡಬೇಡಿ. ಒಣಹುಲ್ಲಿನ ಪಕ್ಕದಲ್ಲಿ ಪೆಟ್ರೋಲ್ ಇಡುವುದಕ್ಕಿಂತ ದೊಡ್ಡ ಅಪಾಯವನ್ನು ಯಾವ ಜಲಸಂಧಿಯೂ ತರಲಾರದು.

ಅಡುಗೆ ಅನಿಲದ ಮಾತು ಬೇರೆ. ನಾವು ಬಳಸುವ ಎಲ್‌ಪಿಜಿಯಲ್ಲಿ ಸುಮಾರು ಶೇಕಡಾ 60 ಆಮದು, ಆ ಆಮದಿನಲ್ಲಿ ಬಹುಪಾಲು ಕೊಲ್ಲಿ ದೇಶಗಳದ್ದು. ದೇಶಕ್ಕೆ ದಿನಕ್ಕೆ 80 ಸಾವಿರ ಟನ್‌ಗೂ ಹೆಚ್ಚು ಎಲ್‌ಪಿಜಿ ಬೇಕು. ಅದಕ್ಕೆಂದೇ ಮಂಗಳೂರಿನಲ್ಲಿ ಮಾಡಿರುವ ದೊಡ್ಡ ಗುಹೆಯ ಸಾಮರ್ಥ್ಯವೇ 80 ಸಾವಿರ ಟನ್. ಎಂದರೆ ಅದು ಇಡೀ ದೇಶದ ಒಂದು ದಿನದ ಅಡುಗೆ. ನನ್ನ ದೃಷ್ಟಿಯಲ್ಲಿ ಹೊರ್ಮುಜ್‌ನ ಪೆಟ್ಟು ಮಲೆನಾಡಿನ ಮನೆಗೆ ಎಲ್ಲಕ್ಕಿಂತ ಮೊದಲು ತಲುಪುವುದು ಅಡುಗೆಮನೆಯ ಮೂಲಕ. ಅದಕ್ಕೂ ಮೊದಲು, 19 ಕಿಲೋ ಸಿಲಿಂಡರ್ ನಂಬಿರುವ ಹೋಟೆಲು, ಕ್ಯಾಂಟೀನು, ಮದುವೆಯ ಅಡುಗೆಯವರ ಮೂಲಕ, ಏಕೆಂದರೆ ಕೊರತೆ ಬಂದಾಗ ಮನೆಬಳಕೆಯ ಸಿಲಿಂಡರ್‌ಗೆ ಆದ್ಯತೆ ಕೊಡುವುದು ವಾಡಿಕೆ.

ಇದಕ್ಕೆ ಸಿದ್ಧತೆ ಹೀಗಿರಲಿ. ಸಿಲಿಂಡರ್ ಒಲೆಗೆ ಜೋಡಿಸಿದ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿರಿ, 14.2 ಕಿಲೋ ನಿಮ್ಮ ಮನೆಗೆ ಎಷ್ಟು ದಿನ ಬರುತ್ತದೆ ಎಂದು ತಿಳಿಯದೆ ಯಾವ ಯೋಜನೆಯೂ ನಿಲ್ಲುವುದಿಲ್ಲ. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಹಿಂದೆ ಕಟ್ಟಿಸಿದ ಗೋಬರ್ ಗ್ಯಾಸ್ ಗುಂಡಿ, ದನ ಕಡಿಮೆಯಾದ ಮೇಲೆ ಪಾಳು ಬಿದ್ದಿದೆ. ಎರಡು ಮೂರು ದನ ಇದ್ದರೂ ಅದನ್ನು ಸರಿಪಡಿಸಿಕೊಳ್ಳುವುದು ಲೇಸು. ಕೊಳವೆಯ ಸೋರಿಕೆಯನ್ನು ಸೋಪಿನ ನೀರು ಹಚ್ಚಿ ನೋಡಿ, ಬರ್ನರ್ ಶುಚಿ ಮಾಡಿ, ಬಗ್ಗಡ ಹೊರಹೋಗುವ ದಾರಿ ಕಟ್ಟಿಕೊಂಡಿದ್ದರೆ ಬಿಡಿಸಿ. ಸ್ನಾನದ ನೀರಿಗೂ ಅಡಿಕೆ ಬೇಯಿಸುವುದಕ್ಕೂ ನಾವು ಹೇಗೂ ಒಣ ಸೌದೆಯನ್ನೇ ನಂಬಿದವರು. ಮಳೆಗಾಲಕ್ಕೆ ಮುಂಚೆ ಅದನ್ನು ಒಂದು ತಿಂಗಳಿಗೆ ಹೆಚ್ಚಾಗಿ ಪೇರಿಸಿಟ್ಟರೆ ಸಾಕು.

ಗೊಬ್ಬರ, ಮೈಲುತುತ್ತ, ಪ್ಲಾಸ್ಟಿಕ್

ಯೂರಿಯಾ ತಯಾರಾಗುವುದು ನೈಸರ್ಗಿಕ ಅನಿಲದಿಂದ. ನಮ್ಮ ದೇಶದ ಯೂರಿಯಾ ಕಾರ್ಖಾನೆಗಳು ಬಳಸುವ ಅನಿಲದಲ್ಲಿ ಹೆಚ್ಚಿನದು ಆಮದಾದದ್ದು, ದ್ರವೀಕೃತ ಅನಿಲವನ್ನು ನಮಗೆ ಅತಿ ಹೆಚ್ಚು ಮಾರುತ್ತಾ ಬಂದಿರುವುದು ಕತಾರ್. ಸಾರಜನಕ, ರಂಜಕ ಎರಡೂ ಇರುವ ಡಿಎಪಿ ಗೊಬ್ಬರದ ಒಂದು ದೊಡ್ಡ ಪಾಲು ಸೌದಿ ಅರೇಬಿಯಾದಿಂದ ಬರುತ್ತದೆ, ಅದನ್ನು ಹಡಗಿಗೆ ತುಂಬುವ ಬಂದರೂ ಜಲಸಂಧಿಯ ಒಳಗೇ ಇದೆ. ಪೊಟ್ಯಾಷ್ ಮಾತ್ರ ಬೇರೆ ಕಡೆಯಿಂದ, ಕೆನಡಾ, ರಷ್ಯಾ, ಜೋರ್ಡಾನ್, ಇಸ್ರೇಲ್‌ಗಳಿಂದ ಬರುವಂಥದ್ದು. ಅದರ ವಿಷಯದಲ್ಲಿ ಹೊರ್ಮುಜ್‌ಗಿಂತ ಕೆಂಪು ಸಮುದ್ರದ ಸುದ್ದಿಗೆ ಕಿವಿಗೊಡಿ. 45 ಕಿಲೋ ಯೂರಿಯಾ ಚೀಲದ ದರವನ್ನು ಸರ್ಕಾರ ಸುಮಾರು 266 ರೂಪಾಯಿಗೆ ಕಟ್ಟಿಹಾಕಿರುವುದರಿಂದ ಜಗತ್ತಿನ ದರ ಎಷ್ಟೇ ಏರಿದರೂ ಚೀಲದ ಮೇಲಿನ ಅಂಕಿ ಬದಲಾಗುವುದಿಲ್ಲ, ಏರಿಕೆಯನ್ನು ಸಬ್ಸಿಡಿ ನುಂಗುತ್ತದೆ. ಬದಲಾಗುವುದು ಅಂಗಡಿಯ ಮುಂದಿನ ಸಾಲಿನ ಉದ್ದ.

ಹಾಗೆಂದು ಹೆದರಿ ಕೊಂಡು ಪೇರಿಸಬಾರದು. 2022ರಲ್ಲಿ ನಾನು ಅದನ್ನೇ ಮಾಡಿದೆ. ಯುದ್ಧದ ಸುದ್ದಿ ಕೇಳಿ ಎರಡು ವರ್ಷಕ್ಕಾಗುವಷ್ಟು ಯೂರಿಯಾ ತಂದು ಅಡಿಕೆ ಮನೆಯ ಮೂಲೆಯಲ್ಲಿ, ಹಲಗೆಯನ್ನೂ ಹಾಕದೆ ನೆಲದ ಮೇಲೆ ಒಟ್ಟಿದೆ. ಆಷಾಢದ ಜಡಿಮಳೆ ಮುಗಿಯುವಷ್ಟರಲ್ಲಿ ಕೆಳಸಾಲಿನ ಚೀಲಗಳು ತೇವ ಎಳೆದು ಕಲ್ಲಿನಂತಾಗಿದ್ದವು. ಕೊಡಲಿಯ ಹಿಂಬದಿಯಿಂದ ಒಡೆದು ಹಾಕಬೇಕಾಯಿತು, ಚೀಲದ ಸಂದಿನಿಂದ ನೀರಾಗಿ ಹರಿದುಹೋದದ್ದು ಬೇರೆ. ಅದೇ ವರ್ಷ ನಮ್ಮ ಊರಿನ ಇಬ್ಬರಿಗೆ ಸಮಯಕ್ಕೆ ಒಂದು ಚೀಲವೂ ಸಿಕ್ಕಿರಲಿಲ್ಲ. ಆ ನೋವು ನನಗೆ ಇವತ್ತಿಗೂ ಇದೆ.

ಅಗತ್ಯವೆಷ್ಟು ಎಂಬುದಕ್ಕೆ ಲೆಕ್ಕವಿದೆ. ಫಲ ಕೊಡುವ ಅಡಿಕೆ ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಎಂಬುದು ಶಿಫಾರಸು. ಯೂರಿಯಾದಲ್ಲಿ ಸಾರಜನಕ ಶೇಕಡಾ 46 ಇರುವುದರಿಂದ ಮರಕ್ಕೆ ಸುಮಾರು 217 ಗ್ರಾಂ ಯೂರಿಯಾ. ಎಕರೆಗೆ 550 ಮರವೆಂದರೆ ಸುಮಾರು 120 ಕಿಲೋ, ಎರಡೂ ಮುಕ್ಕಾಲು ಚೀಲಕ್ಕೂ ಕಡಿಮೆ. ಅದನ್ನೂ ಮುಂಗಾರಿನ ಆರಂಭದಲ್ಲಿ ಅರ್ಧ, ಮಳೆ ಇಳಿದ ಮೇಲೆ ಅರ್ಧ ಎಂದು ಕೊಡುವುದರಿಂದ ಒಮ್ಮೆಗೆ ಬೇಕಾದದ್ದು ಎಕರೆಗೆ ಒಂದೂವರೆ ಚೀಲಕ್ಕಿಂತ ಕಡಿಮೆ. ಮುಂದಿನ ಒಂದು ಕಂತಿನಷ್ಟು ಮಾತ್ರ ಮನೆಯಲ್ಲಿರಲಿ, ಹಲಗೆಯ ಮೇಲಿರಲಿ. ಅದೂ ಸಿಗದಿದ್ದರೆ ಮರಕ್ಕೆ 12 ಕಿಲೋ ಕಾಂಪೋಸ್ಟ್, 12 ಕಿಲೋ ಹಸಿರೆಲೆ ಎಂಬ ಶಿಫಾರಸಿನ ಇನ್ನೊಂದು ಭಾಗವನ್ನು ಈ ವರ್ಷವಾದರೂ ಪೂರ್ತಿ ಪಾಲಿಸಿ. ಸೊಪ್ಪಿನ ಬೆಟ್ಟ ನಮ್ಮ ಹಿರಿಯರು ಬಿಟ್ಟುಹೋದ ದಾಸ್ತಾನು, ಅದಕ್ಕೆ ಯಾವ ಹಡಗೂ ಬೇಡ.

ಕೊಳೆರೋಗದ ಔಷಧವನ್ನು ಬಹಳ ಮಂದಿ ಈ ಲೆಕ್ಕದಲ್ಲಿ ಸೇರಿಸುವುದಿಲ್ಲ. ಬೋರ್ಡೋ ದ್ರಾವಣಕ್ಕೆ ಬೇಕಾದ ಮೈಲುತುತ್ತ ಮಾಡಲು ತಾಮ್ರದ ಜೊತೆ ಗಂಧಕಾಮ್ಲ ಬೇಕು. ಗಂಧಕ ಇಂದು ಮುಖ್ಯವಾಗಿ ದೊರೆಯುವುದು ತೈಲ ಮತ್ತು ಅನಿಲ ಶುದ್ಧೀಕರಣದ ಉಪ ಉತ್ಪನ್ನವಾಗಿ, ಅದನ್ನು ಜಗತ್ತಿಗೆ ಹೇರಳವಾಗಿ ಕಳುಹಿಸುವವು ಕೊಲ್ಲಿ ದೇಶಗಳೇ. ಶೇಕಡಾ ಒಂದರ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ನಿಮ್ಮ ತೋಟಕ್ಕೆ ಒಂದು ಸಲಕ್ಕೆ ಎಷ್ಟು ಡ್ರಮ್ ಹಿಡಿಯುತ್ತದೆ ಎಂಬುದು ಮರ ಹತ್ತಿ ಔಷಧ ಹೊಡೆಯುವ ಕೊನೆಗೌಡನಿಗೆ ಗೊತ್ತಿರುತ್ತದೆ, ಅವನನ್ನು ಕೇಳಿ ಎರಡು ಸಲಕ್ಕಾಗುವಷ್ಟನ್ನು ಮೇ ತಿಂಗಳಲ್ಲೇ ತಂದಿಡಿ. ಮೈಲುತುತ್ತ ಯೂರಿಯಾದಂತಲ್ಲ, ಮುಚ್ಚಿದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೆಡದೆ ಉಳಿಯುತ್ತದೆ. ಅಡಿಕೆ ಗೊನೆಗಳಿಗೆ ಕಟ್ಟುವ ಪ್ಲಾಸ್ಟಿಕ್ ಕೊಟ್ಟೆ, ಹನಿ ನೀರಾವರಿಯ ಪೈಪು, ಟಾರ್ಪಾಲು ಇವೆಲ್ಲ ತೈಲ, ಅನಿಲಗಳ ಮಕ್ಕಳೇ ಆದರೂ ಅವುಗಳಿಗೆ ಆತುರವಿಲ್ಲ. ಹಳೆಯದನ್ನು ತೊಳೆದು ಬಳಸಿದರೆ ಒಂದು ವರ್ಷ ಕಳೆಯುತ್ತದೆ.

ಹಣದ ದಾರಿ

ತೈಲಕ್ಕೆ ಹೆಚ್ಚು ಡಾಲರ್ ತೆರುವುದು ಒಂದು ಕಡೆಯಾದರೆ, ಕೊಲ್ಲಿಯಲ್ಲಿ ದುಡಿಯುವವರು ಕಳುಹಿಸುವ ಹಣ ನಿಲ್ಲುವುದು ಇನ್ನೊಂದು ಕಡೆ. 1990ರಲ್ಲಿ ಎರಡೂ ಒಟ್ಟಿಗೆ ಆಯಿತು. ಕುವೈತ್ ಮತ್ತು ಇರಾಕ್‌ನಿಂದ ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ವಿಮಾನಗಳಲ್ಲಿ ಕರೆತರಲಾಯಿತು. 1991ರ ಹೊತ್ತಿಗೆ ದೇಶದ ವಿದೇಶಿ ವಿನಿಮಯ ಕೆಲವೇ ವಾರಗಳ ಆಮದಿಗೆ ಸಾಲುವಷ್ಟಕ್ಕೆ ಇಳಿದು ಚಿನ್ನವನ್ನು ವಿದೇಶದಲ್ಲಿ ಅಡವಿಡಬೇಕಾಯಿತು. ಇಂದು ದೇಶದ ಸ್ಥಿತಿ ಅಷ್ಟು ಬಡವಾಗಿಲ್ಲ. ಆದರೆ ಮಗನೋ ಅಳಿಯನೋ ದುಬೈ, ದೋಹಾಗಳಲ್ಲಿರುವ ಮನೆಯವರು ಮೂರು ತಿಂಗಳು ಹಣ ಬಾರದಿದ್ದರೆ ಹೇಗೆ ಎಂದು ಇಂದೇ ಕುಳಿತು ಮಾತನಾಡಿಕೊಳ್ಳುವುದು ಒಳ್ಳೆಯದು.

ಬೆಲೆಗಳು ಏರಿದರೆ ಬಡ್ಡಿಯೂ ಹಿಂಬಾಲಿಸುತ್ತದೆ. ರಿಸರ್ವ್ ಬ್ಯಾಂಕ್ ಇತರ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿಯಾದ ರೆಪೊ ದರ 2022ರ ಏಪ್ರಿಲ್ ತಿಂಗಳಲ್ಲಿ ಶೇಕಡಾ 4 ಇದ್ದದ್ದು 2023ರ ಫೆಬ್ರವರಿಗೆ ಶೇಕಡಾ 6.5 ಆಗಿತ್ತು. ಸಹಕಾರ ಸಂಘದ ಬೆಳೆಸಾಲಕ್ಕೆ ಇದು ನೇರವಾಗಿ ತಟ್ಟದಿದ್ದರೂ ಬದಲಾಗುವ ಬಡ್ಡಿಯ ಮನೆ ಸಾಲಕ್ಕೆ ತಟ್ಟುತ್ತದೆ. ಅಂಥ ಸಾಲ ಹೊಸದಾಗಿ ಮಾಡುವವರಿದ್ದರೆ ಸ್ವಲ್ಪ ಕಾಯಿರಿ.

ತೆರೆಯಿತು ಎಂದ ಮೇಲೆ

ಜಲಸಂಧಿ ಮುಚ್ಚಲು ಎಲ್ಲ ಹಡಗುಗಳನ್ನೂ ಹೊಡೆಯಬೇಕಾಗಿಲ್ಲ. ಇರಾನ್–ಇರಾಕ್ ಯುದ್ಧದ ಕೊನೆಯ ವರ್ಷಗಳಲ್ಲಿ ತೈಲ ಹಡಗುಗಳ ಮೇಲೆ ನೂರಾರು ದಾಳಿಗಳಾದರೂ ಸಂಚಾರ ಪೂರ್ತಿ ನಿಂತಿರಲಿಲ್ಲ. ಆದರೆ ವಿಮೆಯ ಕಂತು ಏರಿತು, 1987ರಿಂದ ಅಮೆರಿಕದ ನೌಕಾಪಡೆ ಕುವೈತಿನ ಹಡಗುಗಳಿಗೆ ಕಾವಲು ಹೋಗಬೇಕಾಯಿತು. ವಿಮೆ ಸಿಗದ ಹಡಗು ಬಂದರು ಬಿಡುವುದಿಲ್ಲ. ಅದರಿಂದ ನಾಯಕರ ಹೇಳಿಕೆಗಳಿಗಿಂತ, ಯುದ್ಧಾಪಾಯದ ವಿಮೆ ಇಳಿಯಿತೇ, ದಿನಕ್ಕೆ ಎಷ್ಟು ಹಡಗು ದಾಟುತ್ತಿವೆ ಎಂಬ ಸಾಲುಗಳನ್ನು ಸುದ್ದಿಯಲ್ಲಿ ಹುಡುಕಿ ಓದಿ.

ತೆರೆದ ಮರುದಿನವೇ ಎಲ್ಲ ಹಿಂದಿನಂತಾಗದು. ಹೊರಗೆ ಕಳುಹಿಸಲಾಗದೆ ಟ್ಯಾಂಕುಗಳು ತುಂಬಿದಾಗ ಕುವೈತ್, ಇರಾಕ್‌ಗಳು ಬಾವಿಗಳನ್ನೇ ನಿಲ್ಲಿಸಬೇಕಾಗುತ್ತದೆ, ನಿಂತ ಬಾವಿ ಮತ್ತೆ ಪೂರ್ಣ ಕೊಡಲು ವಾರಗಳೇ ಹಿಡಿಯಬಹುದು. ಕೊಲ್ಲಿಯಿಂದ ಮಂಗಳೂರಿಗೆ ಹಡಗಿನ ಪ್ರಯಾಣ ನಾಲ್ಕೈದು ದಿನವಾದರೂ, ಶುದ್ಧೀಕರಣ, ಸಿಲಿಂಡರ್ ತುಂಬುವುದು, ಘಟ್ಟ ಹತ್ತುವುದು ಎಲ್ಲ ಸೇರಿ ನಮ್ಮ ಅಡುಗೆಮನೆಗೆ ಬರುವ ಹೊತ್ತಿಗೆ ಮತ್ತಷ್ಟು ದಿನ ಕಳೆದಿರುತ್ತದೆ; ಗೊಬ್ಬರಕ್ಕೆ ಇನ್ನೂ ಹೆಚ್ಚು. ಹಡಗುಗಳು ಓಡಾಡತೊಡಗಿದವು ಎಂಬ ಸುದ್ದಿ ಬಂದ ದಿನಾಂಕವನ್ನೂ ಅದೇ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದುಕೊಳ್ಳಿ, ಅಲ್ಲಿಂದ ಎರಡು ತಿಂಗಳು ಎಣಿಸಿ. ಆ ಎರಡು ತಿಂಗಳೊಳಗೆ ಅಡಿಕೆಯ ಎರಡನೆಯ ಕಂತಿನ ಗೊಬ್ಬರದ ಕಾಲ ಬರುವಂತಿದ್ದರೆ, ಸೊಪ್ಪು ಕಡಿಯಲು ಆಳುಗಳಿಗೆ ಈಗಲೇ ಹೇಳಿಡಿ.